ಖಾಲಿ ವ್ಯಾನು

ಯಮುನಮ್ಮ ಚೊಂಬಿನ ತುಂಬ ಮಜ್ಜಿಗೆ ಹಿಡಿದುಕೊಂಡು ವ್ಯಾನ್ ಹತ್ತಿದರು. "ಕೆರೆ ಏರಿ ತನಕ ಹೋಗಿ ಬರೋಣ. ಒಂದು ಹನಿ ಚೆಲ್ಲಿದ್ರೂ ನನ್ನ ಸೊಸೆ ಈ ಗಾಡೀಲಿ ಬರೋದಿಲ್ಲ. ಹೆರಿಗೆ ಇಲ್ಲೇ ಜಡೆ ಊರಲ್ಲೇ ಆಗ್ಲಿ!" ಬಾಗಿಲಲ್ಲಿ ನಿಂತಿದ್ದ ಸೊಸೆ ಧನ್ಯಾಳ ಮುಖ ಬಾಡಿತು. ಚೊಚ್ಚಲ ಬಸುರಿ. ಕುಬುಸ ಶಾಸ್ತ್ರದ ಹಸಿರು ಸೀರೆ ಇನ್ನೂ ಮೈಮೇಲೆ ಗರಿಗರಿ ಎನ್ನುತ್ತಿತ್ತು. ಉಡುತಡಿಯ ತವರಿಗೆ ಹೊರಡಲು ಬ್ಯಾಗು ನಿನ್ನೆಯೇ ಸಿದ್ಧವಾಗಿತ್ತು. ಅವಳು ಅಣ್ಣ ಮಹಾಂತೇಶನ ಕಡೆ ನೋಡಿದಳು.

ಅಣ್ಣ ಹೆದರಲಿಲ್ಲ. ಆ ಹದಿನೇಳು ಸೀಟಿನ ವ್ಯಾನು ಕೊಂಡಾಗಿನಿಂದ ಅವನು ಅದಕ್ಕೆ ಮಾಡದ ಉಪಚಾರವಿರಲಿಲ್ಲ. ವಯಸ್ಸಾದವರಿಗೆ ಕಾಲು ಎತ್ತಲು ಸುಲಭವಾಗಲೆಂದು ಬಾಗಿಲ ಕೆಳಗೆ ಇನ್ನೊಂದು ಮೆಟ್ಟಿಲು ಬೆಸುಗೆ ಹಾಕಿಸಿದ್ದ. ಬಿಸಿಲಿಗೆ ಕಾದ ಹಿಡಿಕೆ ಕೈ ಸುಡದಿರಲೆಂದು ಹಳೇ ಸೈಕಲ್ ಟ್ಯೂಬು ಸುತ್ತಿದ್ದ. ಚೀಲಗಳಿಗೆಂದು ಮೇಲೆ ಉದ್ದಕ್ಕೂ ವಾಲಿಬಾಲ್ ನೆಟ್ ಬಿಗಿದಿದ್ದ. ವಾಂತಿ ಬರುವವರು ಮೂಸಲೆಂದು ಕಿಟಕಿಗೊಂದು ನಿಂಬೆಹಣ್ಣು ನೇತುಹಾಕಿದ್ದ, ನೋಡಿದವರು ದೃಷ್ಟಿಗೆ ಕಟ್ಟಿದ್ದು ಎಂದುಕೊಳ್ಳುತ್ತಿದ್ದರು. ಈಗ ತಂಗಿಗೋಸ್ಕರ ಕೊನೇ ಸಾಲಿನ ಸೀಟೇ ಕಿತ್ತು, ಅಲ್ಲೊಂದು ಮಂಚ ಕೂರಿಸಿ ಹತ್ತಿ ಹಾಸಿಗೆ ಹಾಸಿದ್ದ. ಇನ್ನೇನು ಬೇಕು?

ಜನ ಮಾತ್ರ ಬೇಡ ಎಂದಿದ್ದ. ಬಸುರಿಯನ್ನು ಕರೆತರಲು ಮುತ್ತೈದೆಯರು ಹೋಗುವುದು ಪದ್ಧತಿ. ಉಡುತಡಿಯ ಹೆಂಗಸರು ಹೂ ಮುಡಿದು ಬಂದು ನಿಂತೂ ಇದ್ದರು. "ಹಗುರ ಇದ್ದಷ್ಟೂ ಗಾಡಿ ಮೆತ್ತಗೆ ಹೋಗ್ತೈತೆ, ಯಾರೂ ಬರಬ್ಯಾಡ್ರಿ" ಎಂದು ಅಷ್ಟೂ ಜನರನ್ನು ವಾಪಸು ಕಳಿಸಿ, ತಾಯಿ ನೀಲಾಂಬಿಕಳೊಬ್ಬಳನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದ. "ಇನ್ನು ಕೇರ್ಯಾಗೆ ಮುಖ ತೋರ್ಸೋದು ಹೆಂಗೋ?" ಎಂದು ಅವಳು ದಾರಿಯುದ್ದಕ್ಕೂ ಗೊಣಗಿದ್ದಳು.

ಯಮುನಮ್ಮ ಹಾಸಿಗೆಯ ಮೇಲೆ ಪದ್ಮಾಸನ ಹಾಕಿ ಕೂತರು. ಹಾಲಿನ ಡೈರಿ ದಾಟುವವರೆಗೆ ಎಲ್ಲ ಸರಿಯಿತ್ತು. ಏರಿಯ ಮೊದಲ ಗುಂಡಿಗೆ ಹಿಂದಿನ ಚಕ್ರ ಇಳಿದದ್ದೇ ತಡ, ಖಾಲಿ ವ್ಯಾನು ಕಪ್ಪೆಯಂತೆ ಕುಪ್ಪಳಿಸಿತು. ಯಮುನಮ್ಮ ಹಾಸಿಗೆ ಬಿಟ್ಟು ಮೇಲೆದ್ದು ಮತ್ತೆ ಹಾಸಿಗೆ ಸೇರಿದರು. ಮಜ್ಜಿಗೆ ಮಾತ್ರ ಚೊಂಬು ಸೇರಲಿಲ್ಲ. ಸೀರೆ, ಮೂಗು, ಕಿಟಕಿ, ಮೇಲಿನ ನೆಟ್ಟು, ಎಲ್ಲೆಲ್ಲೂ ಮಜ್ಜಿಗೆ.

"ಎಂತ ಮಾರಾಯ, ಇದರಲ್ಲಿ ಮಲಗಿದ್ರೆ ಕೂಸು ಕೆರೆ ಏರಿ ಮೇಲೇ ಹುಟ್ತದೆ!" ಎನ್ನುತ್ತ ಮನೆ ಮುಂದೆ ಇಳಿದು ಸೀರೆ ಬದಲಿಸಲು ಒಳಗೆ ಹೋದರು. ಧನ್ಯಾಳ ಕಣ್ಣು ತುಂಬಿ ಬಂತು. ಮಹಾಂತೇಶನಿಗೆ ತಲೆ ಎತ್ತಲಾಗಲಿಲ್ಲ. ತಂಗಿಗೆಂದು ಇಷ್ಟೆಲ್ಲ ಮಾಡಿ, ಕೊನೆಗೆ ಅವಳ ತವರಿನ ದಾರಿಗೆ ತಾನೇ ಕಲ್ಲು ಹಾಕಿದಂತಾಯಿತಲ್ಲ!

ಕುಬುಸದ ಊಟ ಮುಗಿಸಿ ಜಗುಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಹೆಂಗಸರಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. "ಬೀಗರ ಗಾಡಿ, ನಮಗೂ ಒಂದು ರೌಂಡು ಹೊಡೆಸಪ್ಪ," ಎಂದು ಪಕ್ಕದ ಮನೆಯ ಸುಂಕಲಮ್ಮ ಹತ್ತಿಯೇಬಿಟ್ಟಳು. ಹಿಂದೆಯೇ ಉಳಿದವರೂ ನುಗ್ಗಿದರು. ತಂಗಿಯ ಅತ್ತೆಮನೆಯ ಕೇರಿ, ಇಲ್ಲ ಎನ್ನುವುದು ಹೇಗೆ? ನೀಲಾಂಬಿಕ ಚೊಂಬು ತುಂಬಿಸಿ ತಂದು ಬೀಗಿತ್ತಿಯ ಕೈಗಿಟ್ಟಳು. "ಯಮುನಕ್ಕ, ಇನ್ನೊಂದೇ ಸಲ ನೋಡ್ರೀ." ಮಂಚವನ್ನು ಹೆಂಗಸರು ಆಗಲೇ ಹಿಡಿದಾಗಿತ್ತು. ಯಮುನಮ್ಮನಿಗೆ ಸಿಕ್ಕಿದ್ದು ನಡುವಿನ ಸೀಟು.

ಅದೇ ಏರಿ, ಅದೇ ಗುಂಡಿ. ಮಹಾಂತೇಶ ಹಲ್ಲು ಕಚ್ಚಿ ಹಿಡಿದ. ವ್ಯಾನು ಉಂಡ ಎಮ್ಮೆಯಂತೆ ಒಮ್ಮೆ ಮೈ ಬಾಗಿಸಿ ಮುಂದೆ ಹೋಯಿತು. ಹಿಂದಿನಿಂದ ಸುಂಕಲಮ್ಮ ಕೂಗಿದಳು, "ಚೆಲ್ಲಲಿಲ್ಲ! ಒಂದು ಹನಿನೂ ಚೆಲ್ಲಲಿಲ್ಲ!"

"ತುಂಬಿದ ಕೊಡ ತುಳುಕೋದಿಲ್ಲ ಅಂತ ಸಣ್ಣವನಿದ್ದಾಗಿಂದ ಹೇಳೀನಿ," ಎಂದಳು ಮುಂದಿನ ಸೀಟಿನಿಂದ ನೀಲಾಂಬಿಕ. "ಗಾಡಿಗೂ ಅದೇ ಮಾತಪ್ಪ."

ಮಹಾಂತೇಶನಿಗೆ ಆಗ ಹೊಳೆಯಿತು. ಗಾಡಿಯ ಅಡಿಯ ಸ್ಪ್ರಿಂಗ್ ಪಟ್ಟಿಗಳು ಇರುವುದೇ ಜನರ ಭಾರ ಹೊರಲು. ಭಾರವಿಲ್ಲದಿದ್ದರೆ ಅವು ಜಗ್ಗುವುದೇ ಇಲ್ಲ, ಗಾಡಿ ಎಗರುತ್ತದೆ. ಅದರ ಮೇಲೆ ತಾನು ಹಾಸಿಗೆ ಹಾಸಿದ್ದು ಎಲ್ಲಕ್ಕಿಂತ ಹೆಚ್ಚು ಎಗರುವ ಜಾಗದಲ್ಲಿ, ಹಿಂದಿನ ಚಕ್ರದ ಆಚೆ!

ಹಾಗಾಗಿ ಧನ್ಯಾ ನಡುವಿನ ಸೀಟಿನಲ್ಲಿ ದಿಂಬಿಗೊರಗಿ ಕೂತಳು. ಸುತ್ತ ಜಡೆಯ ಹೆಂಗಸರೆಲ್ಲ ಉಡುತಡಿಗೆ ಹೊರಟರು. "ಭಾರ ಬೇಕಲ್ಲ," ಎಂದು ಯಮುನಮ್ಮನೂ ಹತ್ತಿದರು. ನೀಲಾಂಬಿಕ ಮನೆಗೆ ಫೋನು ಹಚ್ಚಿ, ದೊಡ್ಡ ಹಂಡೆಗೆ ಅಕ್ಕಿ ಹಾಕಿಸಿದಳು. ಹಾಡು, ನಗೆ, ಚೇಷ್ಟೆ. ಶಿರಾಳಕೊಪ್ಪ ದಾಟುವಾಗ ಧನ್ಯಾ ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಉಡುತಡಿಯಲ್ಲಿ ಊಟ, ಉಪಚಾರ ಮುಗಿದು ಎಲ್ಲರೂ ವಾಪಸು ವ್ಯಾನ್ ಹತ್ತಿದರು. ಯಮುನಮ್ಮ ಮಾತ್ರ ಸೊಸೆಯ ಪಕ್ಕ ಕಟ್ಟೆಯ ಮೇಲೆ ಕೂತೇ ಇದ್ದರು.

"ಅತ್ತೆ, ಹತ್ರೀ. ಭಾರ ಬೇಕಲ್ಲ?" ಮಹಾಂತೇಶ ನಕ್ಕ.

"ಬಸುರಿ ಇಲ್ಲೇ ಇದಾಳೆ. ಹೋಗೋ ಗಾಡಿಗೆ ಭಾರ ಎಂತಕ್ಕೆ ಮಾರಾಯ? ಆ ನೆಟ್ಟಿನ ಮೂಲೇಲಿ ನಂದೊಂದು ಚೀಲ ಇದೆ, ಇಳಿಸಿ ಕೊಡು."

ಮಹಾಂತೇಶ ಚೀಲ ಇಳಿಸಿದ. ತಿಂಗಳುಗಟ್ಟಲೆ ಉಳಿಯುವವರ ಚೀಲದಂತೆ ಸೀರೆಗಳಿಂದ ಬಿರಿಯುತ್ತಿತ್ತು. ಅದರ ತಳಕ್ಕೆ, ಮೊದಲ ಸಲ ಕೆರೆ ಏರಿಯ ಮೇಲೆ ಹಾರಿದ ಮಜ್ಜಿಗೆ ಅಂಟಿ ಬೆಳ್ಳಗೆ ಒಣಗಿತ್ತು.