ಓದಿ ಹೇಳದ ಪತ್ರ

ಗ್ರೂಪಿನಲ್ಲಿ ದಿನಾ ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಹೇಳುವವರು ಕ್ಷಮಿಸಿ... ಇವತ್ತು ನಾನು ಹಾಕುತ್ತಿರುವುದು ಕಹಿ ಮಾತು.

ಪೂರ್ತಿ ಓದಿ. ಆಮೇಲೆ ಬೈಯುವುದಿದ್ದರೆ ನನಗೇ ಬೈಯಿರಿ.

ನಾನು ಪತ್ರ ಬರಹಗಾರ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ.

ಕ್ರಯಪತ್ರವೋ ವಿಭಾಗ ಪತ್ರವೋ, ಏನೇ ಇರಲಿ... ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸುವುದು ನನ್ನ ಪದ್ಧತಿ.

ಹೋದ ವರ್ಷ ಒಂದು ಸಾಫ್ಟ್‌ವೇರ್ ತಂದೆ. ಅದರೊಳಗೊಂದು ಎಐ ಏಜೆಂಟ್... ಹೆಸರು, ಆಧಾರ್, ಖಾತೆ ನಂಬರ್ ಕೊಟ್ಟರೆ ಸಾಕು. ಅದೇ ಪತ್ರ ಬರೆಯುತ್ತದೆ, ಅದೇ ಫೈಲ್ ಮಾಡಿ ಇಡುತ್ತದೆ, ಕೇಳಿದ ಕೂಡಲೇ ತೆಗೆದು ಕೊಡುತ್ತದೆ.

ಕಲಿಯಲಿ ಅಂತ ನನ್ನ ಹಳೆಯ ಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ಹಾಕಿದೆ.

ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಬಂತು. ನನ್ನ ತಲೆಯೂ ಸ್ವಲ್ಪ ತಿರುಗಿತು... ಓದಿ ಹೇಳುವುದನ್ನು ಬಿಟ್ಟುಬಿಟ್ಟೆ.

ಆಗ ಬಂದವರು ಪುಟ್ಟಗೌರಮ್ಮ ಮತ್ತು ಅವರ ಅಣ್ಣ ರೇವಣ್ಣ.

ಪುಟ್ಟಗೌರಮ್ಮನಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಅಪ್ಪನ ಮನೆಯ ಮುಂದಿನ ರೂಮಿನಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಅಲ್ಲೇ ಬದುಕು.

"ಮುಂದಿನ ರೂಮು ನಂಗೆ, ಮಿಕ್ಕಿದ್ದೆಲ್ಲ ನಮ್ಮಣ್ಣಂಗೆ. ಅಪ್ಪ ಇರೋವಾಗ್ಲೇ ಆಗಿರೋ ಮಾತು. ಹಂಗೇ ಬರ್ದುಬಿಡಪ್ಪ" ಅಂದರು. ಅಣ್ಣನೂ ತಲೆಯಾಡಿಸಿದ.

ನಾನು ಅಣ್ಣ, ತಂಗಿ, ತಂದೆಯ ಮನೆ ಅಂತ ಟೈಪ್ ಮಾಡಿದೆ. ರೂಮಿನ ವಿಷಯ ಹಾಕುವ ಹೊತ್ತಿಗೆ ಫೋನ್ ಬಂತು...

ಸ್ಕ್ರೀನಿನ ಮೇಲೆ ಒಂದು ಪ್ರಶ್ನೆ ಬಂದಿತ್ತು. "ಪತ್ರದ ವಿಧ ಸ್ಪಷ್ಟವಾಗಿಲ್ಲ. ಹಿಂದಿನ ಕಡತಗಳಂತೆ ತಯಾರಿಸಲೇ?"

ಫೋನ್ ಕಿವಿಗೆ ಇಟ್ಟುಕೊಂಡೇ 'ಸರಿ' ಒತ್ತಿದೆ.

ಎಂಟು ಪುಟ ಹೊರಗೆ ಬಂದವು. ಪುಟ್ಟಗೌರಮ್ಮ ಮೆಲ್ಲಗೆ ಕೇಳಿದರು. "ಒಂದ್ಸಲ ಓದಿ ಹೇಳಪ್ಪಾ..."

"ಕಂಪ್ಯೂಟರ್ ಬರ್ದಿರೋದಮ್ಮ. ನಾನಾದ್ರೆ ತಪ್ಪು ಮಾಡ್ಬೋದು, ಅದು ಮಾಡಲ್ಲ. ಸಹಿ ಹಾಕಿ, ಹಿಂದೆ ಜನ ಕಾಯ್ತಾವ್ರೆ."

ಹಾಕಿದರು. ಒಳಗೆ ಸಬ್ ರಿಜಿಸ್ಟ್ರಾರ್ ಸಾಹೇಬರು "ಒಪ್ಪಿ ಸಹಿ ಹಾಕಿದ್ದೀರಾ?" ಅಂದಾಗ "ಹೂಂ ಸಾರ್" ಅಂದರು. ಹೊರಗೆ ಬಂದು ನನಗೆ ಕೈ ಮುಗಿದು ಹೋದರು.

ನಾಲ್ಕು ತಿಂಗಳಾಗಿರಬೇಕು... ಒಂದು ಮಧ್ಯಾಹ್ನ ಅದೇ ಪತ್ರ ಹಿಡಿದು ಬಂದರು.

"ನಮ್ಮಣ್ಣ ಮನೆ ಮಾರ್ತಾವ್ನೆ. ಯಾರೋ ಬಂದು ನನ್ ರೂಮನ್ನೂ ಟೇಪ್ ಹಿಡಿದು ಅಳತೆ ತಗೊಂಡು ಹೋದ್ರು. ಇದ್ರಲ್ಲಿ ನನ್ ರೂಮು ಎಲ್ಲೈತೆ, ತೋರ್ಸಪ್ಪ."

ಆ ಪತ್ರವನ್ನು ನಾನು ಓದಿದ್ದು ಅವತ್ತೇ ಮೊದಲು.

ಅದು ವಿಭಾಗ ಪತ್ರವೇ ಅಲ್ಲ, ಹಕ್ಕು ಬಿಡುಗಡೆ ಪತ್ರ. "ಅರಿಶಿನ ಕುಂಕುಮ ಪಡೆದು, ಸ್ವಸಂತೋಷದಿಂದ, ಸದರಿ ಸ್ವತ್ತಿನಲ್ಲಿ ನನಗಿರುವ ಸಂಪೂರ್ಣ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟಿರುತ್ತೇನೆ..."

ರೂಮು ಎಲ್ಲೂ ಇರಲಿಲ್ಲ.

ಅವರನ್ನು ಕರೆದುಕೊಂಡು ರೇವಣ್ಣನ ಹತ್ತಿರ ಓಡಿದೆ. ತಿದ್ದುಪಡಿ ಪತ್ರಕ್ಕೆ ಒಂದು ಸಹಿ ಹಾಕಿಕೊಡಿ ಅಂತ ಬೇಡಿಕೊಂಡೆ.

"ಮಾತು ಆಗಿದ್ದು ನಿಜಾನೇ ಬಿಡಿ ಸ್ವಾಮಿ" ಅಂದ, ತಂಗಿಯ ಮುಖ ನೋಡದೆ. "ಆದ್ರೆ ಪತ್ರ ಬಂದಿರೋದು ಹಿಂಗೆ. ಸಾಹೇಬ್ರ ಮುಂದೆ ಅವಳೇ ಹೂಂ ಅಂದವ್ಳೆ. ಬರ್ದೋರು ನೀವು, ನಾನಲ್ಲ."

ವಾಪಸ್ ನನ್ನ ಅಂಗಡಿಗೆ ಬಂದು, ನಾಚಿಕೆಯಿಲ್ಲದೆ ಹೇಳಿದೆ. "ಇದು ಸಾಫ್ಟ್‌ವೇರ್ ತಪ್ಪಮ್ಮ..."

"ಅದಕ್ಕೆ ನನ್ ಮೇಲೆ ಏನ್ ಹಗೆ? ಯಾಕೆ ಹಂಗೆ ಬರೀತು, ಕೇಳು ನೋಡನ."

ಕೇಳಿದೆ. ಮಾಡಿದ್ದಕ್ಕೆಲ್ಲ ಅದು ದಾಖಲೆ ಇಟ್ಟಿತ್ತು.

"ಅಣ್ಣ-ತಂಗಿ ಇರುವ 112 ಕಡತಗಳಲ್ಲಿ 109ರಲ್ಲಿ ತಂಗಿ ಹಕ್ಕು ಬಿಟ್ಟಿದ್ದಾರೆ. ಅದೇ ರೂಢಿಯಂತೆ ತಯಾರಿಸಲಾಗಿದೆ. ಒಪ್ಪಿಗೆ ಕೊಟ್ಟವರು: ನೀವು. ಮಾದರಿ: ಕಡತ 1."

ಗಟ್ಟಿಯಾಗಿ ಓದಿ ಹೇಳಿದೆ. ಕೊನೆಗೂ ಒಂದು ಕಾಗದವನ್ನು ಅವರಿಗೆ ಓದಿ ಹೇಳಿದ್ದೆ, ಆದರೆ ಎಲ್ಲ ಮುಗಿದ ಮೇಲೆ.

ಪುಟ್ಟಗೌರಮ್ಮ ಆ ಎಂಟು ಪುಟ ಮಡಿಚಿ ಚೀಲಕ್ಕೆ ಹಾಕಿಕೊಂಡರು.

"ನೂರಾ ಒಂಬತ್ತು ಜನ ಬಿಟ್ಕೊಟ್ಟವ್ರೆ... ನೂರಾ ಹತ್ತನೇಯೋಳು ಬಿಡಲ್ಲ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು ಪಾಪ."

ಕೋರ್ಟಿಗೆ ಹೋಗೋಣ, ತಪ್ಪು ನನ್ನದೇ ಅಂತ ಸಾಕ್ಷಿ ಹೇಳುತ್ತೇನೆ ಅಂದೆ.

"ಹೇಳಪ್ಪ... ಅದು ಮುಗಿಯೋಗಂಟ ಮಿಷನ್ ಎಲ್ಲಿ ಹಾಕ್ಲಿ?"

ಕೇಸು ಇನ್ನೂ ನಡೆಯುತ್ತಿದೆ. ಮನೆ ಕೊಂಡವರು ರೂಮಿಗೆ ಬೀಗ ಹಾಕಿದ್ದಾರೆ. ಪುಟ್ಟಗೌರಮ್ಮನ ಮಿಷನ್ ಈಗ ಪಕ್ಕದ ಬೀದಿಯಲ್ಲಿ ಯಾರದೋ ಜಗಲಿಯ ಮೇಲಿದೆ. ಆ ದಾರಿಯಲ್ಲಿ ನಾನು ಓಡಾಡುವುದಿಲ್ಲ.

ಅವತ್ತು ಅವರು ಎದ್ದು ಹೋದ ಮೇಲೆ ಆ ಕಡತ 1 ಯಾವುದು ಅಂತ ತೆಗೆದು ನೋಡಿದೆ...

ಸಾಫ್ಟ್‌ವೇರ್ ಬಂದ ದಿನ, ಟೆಸ್ಟ್ ಮಾಡಲು ಕೈಗೆ ಸಿಕ್ಕಿದ ಪತ್ರ ಹಾಕಿದ್ದೆ. ಅದು ನನ್ನ ಮನೆಯದೇ. ಹಕ್ಕು ಬಿಟ್ಟವಳು ವಿಶಾಲಾಕ್ಷಿ, ನನ್ನ ಒಬ್ಬಳೇ ತಂಗಿ. ಬರೆಸಿಕೊಂಡವನು ನಾನು, ಬರೆದವನೂ ನಾನು.

ಊರಿಗೆಲ್ಲ ಓದಿ ಹೇಳುತ್ತಿದ್ದ ಕಾಲದಲ್ಲೂ ಅವಳಿಗೆ ಓದಿ ಹೇಳಿರಲಿಲ್ಲ. ಮನೆಯವಳಲ್ಲವೇ, ಅವಳಿಗ್ಯಾಕೆ ಅಂದುಕೊಂಡಿದ್ದೆ.

ಆ ಸಹಿ ಆದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿದ್ದೇ ಇಲ್ಲ. ಆದರೂ ಫೋನ್ ಮಾಡಿದೆ. "ವಿಶಾಲೂ..." ಅಂದೆ. ಅಳು ಬಂತು.

ಅವಳು ತಣ್ಣಗೆ ಕೇಳಿದಳು.

"ಹೇಳಣ್ಣ... ಇನ್ನೂ ಎಲ್ಲಾದ್ರೂ ಸಹಿ ಹಾಕೋದು ಉಳ್ದಿತ್ತಾ?"

ಯಂತ್ರಕ್ಕೆ ಅನ್ಯಾಯ ಅಂದರೆ ಏನು ಅಂತ ಗೊತ್ತಿಲ್ಲ... ನಾವು ಮತ್ತೆ ಮತ್ತೆ ಮಾಡಿದ್ದನ್ನೇ ಅದು ನ್ಯಾಯ ಅಂದುಕೊಳ್ಳುತ್ತದೆ.

ನಿಮ್ಮ ಮನೆಯ ಪತ್ರದಲ್ಲೂ ಒಬ್ಬ ಅಕ್ಕನ, ಒಬ್ಬ ತಂಗಿಯ ಸಹಿ ಇರಬಹುದು... ಹಾಕಿಸಿಕೊಳ್ಳುವ ಮುಂಚೆ ನೀವು ಅವಳಿಗೆ ಓದಿ ಹೇಳಿದ್ದಿರಾ?