ಮೊಯಿನ್ ಹಾಕಿದ ಪಂಪು

ಪೈಪಿನೊಳಗಿಂದ ಹೊರಗೆ ಬಂದದ್ದು ಒಂದು ಬಟ್ಟೆಯ ಚೂರು.

ನಾಗೇಶ ಅದನ್ನು ತಂತಿಯ ಕೊಕ್ಕೆಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಹಳೆಯ ಸೀರೆಯ ಮೆತ್ತನೆಯ ಬಟ್ಟೆ. ತಾನಾಗಿ ಹೋಗಿ ಸಿಕ್ಕಿಕೊಂಡ ಚಿಂದಿಯಲ್ಲ. ಮಡಚಿ, ಸುರುಳಿ ಸುತ್ತಿ, ಬೇಕೆಂದೇ ತುರುಕಿದ್ದು.

ಅವನಿಗೆ ನಗು ಬಂತು. ಶಿಕಾರಿಪುರದ ದೊಡ್ಡ ಮೆಕ್ಯಾನಿಕ್ ಮೊಯಿನ್ ಸಾಬರ ಕೈಚಳಕ ಇಷ್ಟೇ!

ಗೋಪಾಲಪ್ಪನವರ ಬಿಎಸ್‌ಎ ಮೋಟರ್‌ಸೈಕಲ್ಲು ಇಂಗ್ಲೆಂಡಿನಲ್ಲಿ ಹುಟ್ಟಿದ ಗಾಡಿ. ಅದರ ಆಯಿಲ್ ಪಂಪು ಸವೆದಿತ್ತು. ಮೊಯಿನ್ ಎಲ್ಲಿಂದಲೋ ಹೊಸ ಪಂಪು ತರಿಸಿ ಹಾಕಿದ. ಆದರೆ ಎಂಜಿನ್ನಿಗೆ ಹೋದ ಆಯಿಲ್ ಟ್ಯಾಂಕಿಗೆ ವಾಪಸು ಬರಲೇ ಇಲ್ಲ. ಹೀಗೇ ಓಡಿಸಿದರೆ ಎಂಜಿನ್ ಉಳಿಯುವುದಿಲ್ಲ ಎಂದ. ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ವರ್ಷವಿಡೀ ಅದೇ ರಾಗ. ಕೊನೆಗೆ ಗೋಪಾಲಪ್ಪನವರ ಸಹನೆ ಕೆಟ್ಟು, ಫೋನು ಮಾಡಿ ಸೊರಬದಿಂದ ನಾಗೇಶನನ್ನು ಕರೆಸಿದ್ದರು.

ನಾಗೇಶ ಅವರನ್ನು ನೋಡಿದ್ದು ಇವತ್ತೇ ಮೊದಲು. ಹೆಸರು ಮಾತ್ರ ಕೇಳಿ ಗೊತ್ತಿತ್ತು. ಒಂದು ಕಾಲಕ್ಕೆ ಈ ಗಾಡಿಯ ಸದ್ದು ಕೇಳಿದರೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಜನ ತಿರುಗಿ ನಿಲ್ಲುತ್ತಿದ್ದರಂತೆ. ಇವತ್ತು ಗಾಡಿ ಸರಿಹೋದರೆ ಗೋಪಾಲಪ್ಪನವರೇ ಸೊರಬದವರೆಗೆ ಓಡಿಸುವುದು, ನಾಗೇಶ ಹಿಂದೆ ಕೂರುವುದು ಎಂದು ಮಾತಾಗಿತ್ತು. ಅದೊಂದು ಸವಾರಿ ಸಾಕು. ಮೊಯಿನ್‌ಗೆ ಆಗದ್ದು ನಾಗೇಶನಿಂದ ಆಯಿತೆಂದು ಎರಡು ತಾಲ್ಲೂಕಿಗೂ ಡಂಗುರ ಸಾರಿದಂತೆ.

ಅರಗಿಸಿಕೊಳ್ಳಲಾಗದ ಸಂಗತಿ ಒಂದೇ. ಪಂಪು ಕೂರಿಸಿದ ಕೆಲಸದಲ್ಲಿ ಎಳ್ಳಷ್ಟು ಹುಳುಕಿರಲಿಲ್ಲ. ಒಂದು ಸ್ಕ್ರೂ ಸಡಿಲಿಲ್ಲ, ಒಂದು ಹನಿ ಸೋರಿಕೆಯಿಲ್ಲ. ಕೆಲಸ ಬರದವನ ಕೈಯಲ್ಲ ಇದು. ಹಾಗಾದರೆ ಕಳ್ಳಬುದ್ಧಿ. ಗಾಡಿ ಮೂಲೆ ಸೇರಲಿ, ಮುದುಕರು ಬೇಸತ್ತು ಮಾರುವಾಗ ತಾನೇ ಹೊಡೆದುಕೊಳ್ಳೋಣ ಎಂಬ ಹೊಂಚು.

ಅಷ್ಟರಲ್ಲಿ ಆ ಹೊಂಚುಗಾರನೇ ಗೇಟು ತಳ್ಳಿಕೊಂಡು ಬಂದ. ಜಗಲಿಯ ಕುರ್ಚಿಯಲ್ಲಿದ್ದ ಗೋಪಾಲಪ್ಪ ಅತ್ತ ತಿರುಗಲೂ ಇಲ್ಲ.

"ಚಪ್ಪಲಿ ಎಳಿಯೋ ಸದ್ದಿನಾಗೇ ಗೊತ್ತಾತು, ಮೈಗಳ್ಳ ಬಂದ ಅಂತ," ಎಂದರು, ಎದುರಿನ ಕಂಬಕ್ಕೆ ಹೇಳುವಂತೆ. "ನಿಮ್ಮಪ್ಪ ಬಡೇಸಾಬ್ ಇದ್ದಿದ್ರೆ ನಿನ್ನ ಕೈಗೆ ಸ್ಪ್ಯಾನರ್ ಕೊಡ್ತಿರ್ಲಿಲ್ಲ ಮೊಯಿನೂ. ಕತ್ತೆ ಮೇಯಿಸಾಕ ಕಳಿಸ್ತಿದ್ದ."

"ಕತ್ತೇನೂ ನನ್ನ ಮಾತು ಕೇಳ್ತಿರ್ಲಿಲ್ಲ ಬಿಡ್ರಿ ಯಜಮಾನ್ರೆ," ಎಂದ ಮೊಯಿನ್.

ಮುಖ ಕೊಟ್ಟು ಮಾತಾಡಿಸಿಕೊಳ್ಳುವ ಯೋಗ್ಯತೆಯೂ ಇಲ್ಲ ಇವನಿಗೆ! ಮುದುಕರ ಗತ್ತು ನಾಗೇಶನಿಗೆ ಬಹಳ ಹಿಡಿಸಿತು.

ಮನೆಯಾಕೆ ವರದಮ್ಮ ಕಾಫಿ ತಂದರು. ನಾಗೇಶನ ಕೈಗೆ ಗ್ರೀಸ್ ಮೆತ್ತಿದ್ದು ನೋಡಿ, ಲೋಟಕ್ಕೆ ಕಾಗದ ಸುತ್ತಿ ಕೊಟ್ಟರು. ಮೊಯಿನ್‌ಗೆ ಕೇಳದೆಯೇ ಸಕ್ಕರೆ ಇಲ್ಲದ್ದು. ಗಂಡನ ಲೋಟವನ್ನು ಮಾತ್ರ ಅವರ ಕೈಯೊಳಗಿಟ್ಟು, ಬೆರಳುಗಳನ್ನೂ ತಾವೇ ಮಡಚಿ ಕೊಟ್ಟರು. ಸ್ಟೂಲು ಪಕ್ಕದಲ್ಲೇ ಇತ್ತು. ಹಳೇ ಕಾಲದ ಯಜಮಾನಿಕೆ, ಎಲ್ಲ ಕೈಗೇ ಬರಬೇಕು ಎಂದುಕೊಂಡ ನಾಗೇಶ.

ಮೊಯಿನ್ ಕೊಕ್ಕೆಯ ತುದಿಯ ಬಟ್ಟೆಯನ್ನು ನೋಡಿದ. ಅವನ ದನಿ ತಗ್ಗಿತು. "ಸ್ವಲ್ಪ ಹೊರಗೆ ಬಾರಪ್ಪ. ಒಂದು ಮಾತೈತಿ."

"ಗುಟ್ಟೇನಿದೆ ಮಾರಾಯ್ರೆ? ಇಲ್ಲೇ ಹೇಳಿ, ಎಲ್ಲರೂ ಕೇಳ್ಲಿ."

ಮೊಯಿನ್ ಜಗಲಿಯತ್ತ ನೋಡಿ ಬಾಯಿ ಮುಚ್ಚಿಕೊಂಡ. ನಾಗೇಶ ಬಟ್ಟೆಯನ್ನು ಮೇಲೆತ್ತಿ ಹಿಡಿದ. "ಯಜಮಾನ್ರೆ, ಇಲ್ಲಿ ನೋಡಿ ನಿಮ್ಮ ಸಾಬ್ರ ಕೆಲಸನ!"

"ನೋಡಾದೇನೈತಿ? ಬಾಯಿಬಿಟ್ಟು ಹೇಳು."

"ಆಯಿಲ್ ವಾಪಸು ಬರೋ ಪೈಪಿಗೆ ಬಟ್ಟೆ ತುರುಕಿದ್ದಾರೆ."

ಗೋಪಾಲಪ್ಪ ಕ್ಯಾಕರಿಸಿದರು. "ಥೂ! ಉಂಡ ಮನಿ ಜಂತಿ ಎಣಿಸಾ ಬುದ್ಧಿ."

ಮೊಯಿನ್ ವರದಮ್ಮನತ್ತ ನೋಡಿದ. "ಹಾಗಲ್ಲ ರೀ..." ಎಂದು ವರದಮ್ಮ ಬಾಯಿ ತೆರೆದರು.

"ವರದಾ!" ಗಂಡ ಗದರಿದರು.

ಅವರು ತಲೆ ತಗ್ಗಿಸಿದರು.

ನಾಗೇಶ ಪೈಪು ಜೋಡಿಸಿ ಕಿಕ್ ಹೊಡೆದ. ಎಂಜಿನ್ ಕೆಮ್ಮಿತು, ಗುಡುಗಿತು. ಗೋಪಾಲಪ್ಪ ಜಗಲಿಯ ಮೆಟ್ಟಿಲಿಳಿದು ಬಂದು, ಗಾಡಿಯ ಮೈ ಸವರುತ್ತಾ ಆಯಿಲ್ ಟ್ಯಾಂಕಿನ ಬಾಯಿಗೆ ಬೆರಳಿಟ್ಟರು. ಮುಖ ಅರಳಿತು.

"ಚಿಮ್ಮಾಕ ಹತ್ತೇತಲೇ!"

ಪಳಗಿದ ಕೈ. ಕಣ್ಣಿಗಿಂತ ಬೆರಳನ್ನೇ ನಂಬುವ ಜಾತಿ.

ಅವರು ಸೀಟಿನ ಮೇಲೆ ಕೂತರು. ಕೈ, ಕಾಲು ತಮ್ಮ ತಮ್ಮ ಜಾಗಕ್ಕೆ ತಡಕಾಟವಿಲ್ಲದೆ ಹೋಗಿ ನಿಂತವು. ವರದಮ್ಮ ನಾಗೇಶನ ತೋಳು ಹಿಡಿದುಕೊಂಡರು. "ನೀನೇ ಓಡಿಸಪ್ಪ. ಅವರು ಹಿಂದೆ ಕೂರ್ಲಿ. ನಿಂಗೆ ಕೈ ಮುಗೀತೀನಿ."

"ಓನರ್ ಇದ್ದಾಗ ನಾನು ಹ್ಯಾಂಡಲ್ ಹಿಡಿಯೋದಾ ಅಮ್ಮಾ? ಚಂದ ಕಾಣುತ್ತಾ?"

ತೋಳು ಬಿಡಿಸಿಕೊಂಡು ಹಿಂದೆ ಹತ್ತಿದ. ಮೊಯಿನ್ ಓಡಿಹೋಗಿ ಗೇಟಿನ ನಡುವೆ ಎರಡೂ ಕೈ ಚಾಚಿ ನಿಂತ. ಸೋತವನ ಕೊನೆಯ ನಾಟಕ. ವರದಮ್ಮ ಏನೋ ಕೂಗಿದರು. ಅದು ಸೈಲೆನ್ಸರಿನ ಅಬ್ಬರದಲ್ಲಿ ಮುಳುಗಿತು. ಗೋಪಾಲಪ್ಪ ಎದುರಿದ್ದವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗೇರು ಹಾಕಿ ಆಕ್ಸಿಲರೇಟರ್ ತಿರುವಿದರು. ಗಾಡಿ ನೇರ ನುಗ್ಗಿತು. ಕೊನೆಗಳಿಗೆಯಲ್ಲಿ ಮೊಯಿನ್ ಚರಂಡಿಗೆ ಹಾರಿದ. ನಾಗೇಶ ಗಹಗಹಿಸಿ ನಕ್ಕ. ಗಂಡೆದೆ ಅಂದರೆ ಇದು!

ಮುಂದೆ ರಸ್ತೆ. ಬಲಗಡೆಯಿಂದ ಬಸ್ಸೊಂದು ಹಾರ್ನ್ ಒತ್ತುತ್ತಾ ಬರುತ್ತಿತ್ತು.

"ಗೇಟು ದಾಟಿದ್ವೇನೋ ತಮ್ಮಾ?" ಗೋಪಾಲಪ್ಪ ಹುರುಪಿನಲ್ಲಿ ಕೂಗಿ ಕೇಳಿದರು. "ಎಡಕ್ಕೋ ಬಲಕ್ಕೋ ಜಲ್ದಿ ಹೇಳು, ನಂಗೆ ಕಣ್ಣು ಕಾಣಂಗಿಲ್ಲ."