ಕೆಂಪು ಪಟ್ಟಿಯ ಈಚೆ

ತೂಕದ ಮುಳ್ಳು ಕೆಂಪು ಪಟ್ಟಿಯನ್ನು ದಾಟಿ ನಿಂತದ್ದೇ ತಡ, ಆರಿನ್ ತಲೆಯ ಟೋಪಿ ಕಿತ್ತು ನೆಲಕ್ಕೆ ಬಡಿದ.

"ಎಲ್ಲಾ ನಿನ್ನ ದೋಣಿ ಭಾರ!"

"ನನ್ನ ದೋಣಿ ತನ್ನ ಗಾಲಿ ಮೇಲೆ ತಾನು ನಿಂತಿದೆ. ಬರೀ ಮೂತಿ ಗಾಡಿ ಮೇಲಿಟ್ಟಿದೆ. ಬೆನ್ನ ಮೇಲೆ ಹತ್ತಿ ಕೂತಿರೋದು ನಿನ್ನ ಮನೆ. ಕಣ್ಣು ಕಾಣಲ್ವಾ ಮುದುಕಾ?" ಎಂದು ವರ್ನಾ ಗಂಡನ ಮೇಲೆ ಏರಿಹೋದಳು.

ಮನೆಯೆಂದರೆ ಕ್ಯಾಂಪರ್. ಪಿಕಪ್ಪಿನ ಬೆನ್ನಿಗೆ ಕೂರಿಸುವ ಆ ಗೂಡನ್ನು, ಮಂಚ, ಒಲೆ, ಕಿಟಕಿ ಸಮೇತ, ಆರಿನ್ ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂತು ಕೈಯಾರೆ ಕಟ್ಟಿದ್ದ. ದೋಣಿ ವರ್ನಾಳ ಅಪ್ಪನದು. ಅಮೆರಿಕದ ಮಿನ್ನೆಸೋಟದ ಕೆರೆಗಳಲ್ಲಿ ಮೀನು ಹಿಡಿಯುವ ಕಾಲ ನಾಳೆ ಶುರು. ಆ ಮೊದಲ ದಿನ ನೀರಿನ ಮೇಲೆ ಇರದ ವರ್ಷ ಅವಳ ನೆನಪಿನಲ್ಲೇ ಇಲ್ಲ. ಹಳೆಯ ಪಿಕಪ್ ಮೊನ್ನೆ ನಡುರಸ್ತೆಯಲ್ಲಿ ಪ್ರಾಣ ಬಿಟ್ಟಿತ್ತು. ಈ ನೀಲಿ ಪಿಕಪ್ಪನ್ನು ಅಂಗಡಿಯವನು ಸಂಜೆಯವರೆಗೆ ಓಡಿಸಿ ನೋಡಲು ಕೊಟ್ಟಿದ್ದ. ಎರಡನ್ನೂ ಹೊತ್ತರೆ ಸರಿ, ಹೊರದಿದ್ದರೆ ಒಂದನ್ನು ಮಾರುವುದು ಎಂದು ಬೆಳಗ್ಗೆ ತಿಂಡಿಯ ಹೊತ್ತಿಗೆ ಮಾತಾಗಿತ್ತು. ಯಾವುದನ್ನು ಎಂಬುದು ಮಾತ್ರ ಆಗಿರಲಿಲ್ಲ.

ಅಂಗಡಿಯಲ್ಲಿ ಇನ್ನೊಂದು ಬಿಳಿ ಪಿಕಪ್ಪೂ ಇತ್ತು, ಹಿಂದೆ ನಾಲ್ಕು ಗಾಲಿಯದ್ದು, ಹೆಚ್ಚು ಭಾರ ಹೊರುವಂಥದ್ದು. ಅದನ್ನು ನೋಡಿದ್ದೇ ವರ್ನಾ ಹೌಹಾರಿದ್ದಳು. "ಅಯ್ಯೋ, ಏನಿದು ಪಿರ್ರೆ ಇಷ್ಟು ದಪ್ಪ! ಇದರಲ್ಲಿ ಚರ್ಚಿಗೆ ಹೋಗಿ ಇಳಿದ್ರೆ ಜನ ಗಾಡಿ ನೋಡಿ ನಗ್ತಾರೋ, ನನ್ನ ನೋಡಿ ನಗ್ತಾರೋ?" ಅಲ್ಲಿಗೆ ಬಿಳಿ ಗಾಡಿಯ ಕಥೆ ಮುಗಿದಿತ್ತು.

ಈಗ ಇಬ್ಬರೂ ಊರಿನ ಧಾನ್ಯದ ಉಗ್ರಾಣದಲ್ಲಿ, ಲಾರಿ ತೂಗುವ ಕಟ್ಟೆಯ ಪಕ್ಕ ನಿಂತಿದ್ದರು. ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬುವವರಲ್ಲ. ಆದ್ದರಿಂದ ಗಾಡಿಯನ್ನಷ್ಟೇ ಕಟ್ಟೆಯ ಮೇಲೆ, ದೋಣಿಯ ಗಾಲಿಗಳನ್ನು ಹೊರಗೆ ನಿಲ್ಲಿಸಿದ ಕೂಡಲೇ ಇಬ್ಬರೂ ಧುಮುಕಿ ಮುಳ್ಳು ನೋಡಲು ಓಡಿ ಬಂದಿದ್ದರು. ಗಾಡಿಯ ಬಾಗಿಲಿಗೆ ಅಂಟಿಸಿದ ಹಳದಿ ಚೀಟಿ ಓದಿ, ಮುಳ್ಳು ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಗೆ ಕೆಂಪು ಪಟ್ಟಿ ಅಂಟಿಸಿದವನು ತೂಗುವ ಕೆಲಸದ ಡ್ವೇನ್. ಅವನು ಕಿಟಕಿಯೊಳಗೆ ಕೂತು ನಾಟಕ ನೋಡುವವನಂತೆ ಕಾಫಿ ಹೀರುತ್ತಿದ್ದ.

"ಸ್ವಲ್ಪವೇ ಜಾಸ್ತಿ ಇರೋದು," ಎಂದ ಅವನು. "ಏನಾದ್ರೂ ಇಳಿಸಿ ನೋಡಿ."

ಅಷ್ಟು ಸಾಕಾಯಿತು. ವರ್ನಾ ಕ್ಯಾಂಪರಿನೊಳಗೆ ನುಗ್ಗಿ ಮೊದಲು ಆರಿನ್ ನುಡಿಸುವ ಅಕಾರ್ಡಿಯನ್ ವಾದ್ಯವನ್ನೇ ಹೊರಗಿಟ್ಟಳು.

"ಅದಿಲ್ದಿದ್ರೆ ಸಂಜೆ ಏನು ಮಾಡೋದು?"

"ನೆಮ್ಮದಿಯಾಗಿರೋದು!"

ಆರಿನ್ ದೋಣಿಯ ಮೂತಿಗೆ ಕೈ ಹಾಕಿದ. "ಎರಡು ಲಂಗರು ಯಾಕೆ?"

"ಒಂದು ದೋಣಿ ನಿಲ್ಲಿಸೋಕೆ, ಇನ್ನೊಂದು ನಿನ್ನ ಬಾಯಿಗೆ ಕಟ್ಟೋಕೆ."

ಎರಡೂ ಕಟ್ಟೆಯ ಹೊರಗೆ ಧೊಪ್ಪೆಂದು ನೆಲಕ್ಕೆ ಬಿದ್ದವು. ಕಬ್ಬಿಣದ ಬಾಣಲೆ ಹಿಂಬಾಲಿಸಿತು, ಸೌದೆ ಹಿಂಬಾಲಿಸಿತು, ಆರಿನ್‌ನ ಸುತ್ತಿಗೆ ಪೆಟ್ಟಿಗೆ ಹಿಂಬಾಲಿಸಿತು. ಕ್ಯಾಂಪರಿನ ನೀರಿನ ತೊಟ್ಟಿಯ ನಲ್ಲಿ ತಿರುಗಿಸಿದಾಗ ನೀರೆಲ್ಲ, ನೋಡಲು ಹೊರಬಂದಿದ್ದ ಡ್ವೇನನ ಬೂಟಿನ ಮೇಲೆ ಹರಿಯಿತು. ಒಂದೊಂದು ಇಳಿದಾಗಲೂ ಇಬ್ಬರೂ ಮುಳ್ಳಿನ ಕಡೆ ಓಡುವರು, "ಇಳೀತು, ಇಳೀತು!" ಎಂದು ಚೀರುವರು. ಜಗಳ ಯಾವಾಗ ಆಟವಾಯಿತೋ ವರ್ನಾಳಿಗೇ ತಿಳಿಯಲಿಲ್ಲ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತ್ತು. ಕೊನೆಗೆ ಉಳಿದದ್ದು ಹುಳಿ ಹಾಕಿದ ಹೆರಿಂಗ್ ಮೀನಿನ ಜಾಡಿಗಳು ಮತ್ತು ದೊಡ್ಡ ತಟ್ಟೆಯಲ್ಲಿ ಬೇಯಿಸಿಟ್ಟ ಆಲೂಗಡ್ಡೆ ಮಾಂಸ.

"ಇದನ್ನ ಎಸೆಯೋಕೆ ನನ್ನ ಕೈಲಾಗಲ್ಲ," ಎಂದ ಆರಿನ್.

"ಎಸೆಯೋದ್ಯಾಕೆ? ತಿಂದುಬಿಡೋಣ. ಗಾಡಿ ಹಗುರಾಗುತ್ತೆ."

ಕಟ್ಟೆಯ ಪಕ್ಕ ನೆಲದ ಮೇಲೇ ಕೂತು, ಡ್ವೇನನನ್ನೂ ಕರೆದುಕೊಂಡು, ತಳ ಕೆರೆಯುವವರೆಗೆ ತಿಂದರು. ಖಾಲಿ ಜಾಡಿ ತಟ್ಟೆಗಳನ್ನೂ ಕೆಳಗೇ ಬಿಟ್ಟರು. ಮುಳ್ಳು ಒಮ್ಮೆ ನಡುಗಿ ಕೆಂಪು ಪಟ್ಟಿಯ ಈಚೆಗೆ, ಕೂದಲೆಳೆಯಷ್ಟು ಈಚೆಗೆ ಬಂದು ನಿಂತಿತು.

ಆರಿನ್ ಹೆಂಡತಿಯ ಸೊಂಟ ಹಿಡಿದು ಗಿರ್ರನೆ ತಿರುಗಿಸಿದ. ಮದುವೆಯ ದಿನ ಕುಣಿದ ಮೇಲೆ ಇವತ್ತೇ ಹೀಗೆ ಕುಣಿದದ್ದು. ಡ್ವೇನ್ ಚಪ್ಪಾಳೆ ತಟ್ಟಿ ತಾಳ ಹಾಕಿದ.

"ಭೇಷ್! ಇನ್ನು ಹತ್ತಿ ಕೂತ್ಕೊಂಡು ಗಾಡಿ ಇಳಿಸ್ರಪ್ಪಾ, ನಾನೂ ಮನೆಗೆ ಹೋಗ್ಬೇಕು."

ಇಬ್ಬರೂ ತೇಗುತ್ತಾ ಹತ್ತಿ ಕೂತರು. ಕೂತ ಮೇಲೆ ಅಭ್ಯಾಸಬಲದಿಂದ ವರ್ನಾ ಒಮ್ಮೆ ಮುಳ್ಳಿನ ಕಡೆ ನೋಡಿದಳು. ಅದು ಕೆಂಪು ಪಟ್ಟಿಯ ಆಚೆ, ಮೊದಲಿಗಿಂತಲೂ ಆಚೆ ಹೋಗಿ ನಿಂತಿತ್ತು. ಬಾಗಿಲು ತೆರೆದು ಹಳದಿ ಚೀಟಿಗೆ ಮೂಗು ತಾಗಿಸಿ ಓದಿದಳು. ಜನ, ಸಾಮಾನು ಎರಡೂ ಸೇರಿ ಇಷ್ಟು ಎಂದಿತ್ತು.

ಆರಿನ್ ಕನ್ನಡಿಯಲ್ಲಿ ಹಿಂದಿನ ಕ್ಯಾಂಪರನ್ನೊಮ್ಮೆ ನೋಡಿದ. ಆಮೇಲೆ ತಗ್ಗಿದ ಸ್ವರದಲ್ಲಿ, "ಕ್ಯಾಂಪರ್ ಮಾರೋಣ ಬಿಡು. ದೋಣಿ ನಿಮ್ಮಪ್ಪಂದು," ಎಂದ.

ಅವನು ಬೈದಿದ್ದರೆ ವರ್ನಾ ತಿರುಗಿ ಬೈಯುತ್ತಿದ್ದಳು. ಈಗ ಅವನ ಜೇಬಿಗೇ ಕೈ ಹಾಕಿ ಫೋನ್ ಎಳೆದುಕೊಂಡಳು.

"ಹಲೋ, ಅಂಗಡಿ ಮುಚ್ಬೇಡ, ನಾನು ವರ್ನಾ. ಆ ಬಿಳಿ ಗಾಡಿ ಇನ್ನೂ ಇದೆಯಾ?... ಹೂಂ ಕಣಪ್ಪಾ, ಅದೇ, ಪಿರ್ರೆ ದಪ್ಪದ್ದು. ನಮ್ಮ ಅಳತೆಯದ್ದು."